ಸೆಕ್ಯುರಿಟಿ ಸಾಫ್ಟ್‌ವೇರಿನ ಫೈರ್‌ವಾಲ್ ಆನ್ ಆಗುತ್ತಿಲ್ಲವೇ? ಮತ್ತೆ ಇನ್‌ಸ್ಟಾಲ್ ಮಾಡುವ ಮುಂಚೆ ಹೀಗೆ ಹುಡುಕಿ

ಜಾಲದ ಮೂಲಕ ಬಂದುಹೋಗುವ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್‌ನ ಟರ್ನ್ ಆನ್ ಗುಂಡಿ ಒತ್ತುತ್ತೀರಿ. ಎರಡು ಸೆಕೆಂಡು ಹಸಿರು, ಆಮೇಲೆ ಮತ್ತೆ ಕೆಂಪು. ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕುತ್ತೀರಿ. ಅದೇ ಕೆಂಪು. ಈ ತೊಂದರೆಗೆ ನನಗೆ ಫೋನ್ ಮಾಡುವವರಲ್ಲಿ ಬಹುಪಾಲು ಜನ ಆಗಲೇ ಎರಡು ಮೂರು ಸಲ ತೆಗೆದು ಹಾಕಿ ಸೋತಿರುತ್ತಾರೆ. ಹೊಸ್ತಿಲೇ ಕುಸಿದಿರುವಾಗ ಬಾಗಿಲು ಬದಲಿಸಿದರೆ ಏನು ಬಂತು?

ಆ ಹೊಸ್ತಿಲಿನ ಹೆಸರು ಬೇಸ್ ಫಿಲ್ಟರಿಂಗ್ ಎಂಜಿನ್, ವಿಂಡೋಸ್‌ನ ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸರ್ವಿಸ್. ವಿಂಡೋಸ್‌ನ ಸ್ವಂತ ಫೈರ್‌ವಾಲ್ ನಿಂತಿರುವುದು ಅದರ ಮೇಲೆ. ನೀವು ದುಡ್ಡು ಕೊಟ್ಟು ತಂದ ಸೆಕ್ಯುರಿಟಿ ಸಾಫ್ಟ್‌ವೇರಿನ ಫೈರ್‌ವಾಲ್ ಕೂಡ ಸಾಮಾನ್ಯವಾಗಿ ಅದನ್ನೇ ಆತುಕೊಂಡಿರುತ್ತದೆ. ಅದು ಓಡದಿದ್ದರೆ ಯಾವ ಕಂಪನಿಯದನ್ನು ಹಾಕಿದರೂ ಆನ್ ಆಗುವುದು ಕಷ್ಟ. ಹಾಗಾಗಿ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ. ಮೊದಲ ಎರಡರಲ್ಲೇ ಸರಿಹೋದರೆ ಅಲ್ಲಿಗೇ ನಿಲ್ಲಿಸಿ. ಇಲ್ಲಿರುವುದು ವಿಂಡೋಸ್ 10 ಮತ್ತು 11ಕ್ಕೆ ಹೊಂದುವ ಮಾತು. ವಿಂಡೋಸ್ 7ರ ಬಗ್ಗೆ ಏಳನೇ ಹಂತದಲ್ಲಿ ಒಂದೆರಡು ಸಾಲು ಇದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಎರರ್ ಸಂಖ್ಯೆಗಳ ಮೊದಲಿಗೆ ಬರುವ ಸೊನ್ನೆ ಮತ್ತು ಎಕ್ಸ್ ಅನ್ನು ಬಿಟ್ಟಿದ್ದೇನೆ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಅಡ್ಮಿನಿಸ್ಟ್ರೇಟರ್ ಅಕೌಂಟಿನ ಪಾಸ್‌ವರ್ಡ್. ಸೆಕ್ಯುರಿಟಿ ಸಾಫ್ಟ್‌ವೇರಿನ ಲೈಸೆನ್ಸ್ ಕೀ, ಇಲ್ಲವೇ ಅದನ್ನು ಕೊಂಡ ಇಮೇಲ್ ಐಡಿ ಮತ್ತು ಅದರ ಪಾಸ್‌ವರ್ಡ್. ಡಬ್ಬದೊಳಗಿನ ಕಾರ್ಡನ್ನು ಕೆರೆದು ಹಾಕಿದ ಕೀ ಆಗಿದ್ದರೆ ಆ ಕಾರ್ಡು ಎಲ್ಲಿದೆ ಎಂದು ಈಗಲೇ ಹುಡುಕಿ, ತೆಗೆದ ಮೇಲೆ ಹುಡುಕಬೇಡಿ. ಒಂದು ಪೆನ್‌ಡ್ರೈವ್. ವೈಫೈ ಪಾಸ್‌ವರ್ಡ್ ಬರೆದ ಚೀಟಿ. ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ. ವಿಂಡೋಸ್ ಅಗತ್ಯದ ಭಾಗಗಳಷ್ಟರಿಂದಲೇ ಏಳುವ ಸೇಫ್ ಮೋಡ್‌ಗೆ ಹೋಗುವಾಗ ಇದನ್ನು ಕೇಳಿ ತಬ್ಬಿಬ್ಬು ಮಾಡುವುದುಂಟು. ಲ್ಯಾಪ್‌ಟಾಪ್ ಶುರು ಮಾಡಿದಾಗ ಬಳಸಿದ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.

ಏನಾದರೂ ಕೆಟ್ಟರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಸ್ಟಾರ್ಟ್‌ನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಎಂದು ಹುಡುಕಿದರೆ ಕಿಟಕಿ ತೆರೆಯುತ್ತದೆ. ಅಲ್ಲಿ ಸಿ ಡ್ರೈವ್‌ನ ಪ್ರೊಟೆಕ್ಷನ್ ಆಫ್ ಎಂದಿದ್ದರೆ ಮೊದಲು ಆನ್ ಮಾಡಬೇಕು.

ಪಿಜಿ, ಹೋಟೆಲ್ ಅಥವಾ ಬಸ್ ನಿಲ್ದಾಣದ ವೈಫೈಯಲ್ಲಿ ಕೂತು ಈ ರಿಪೇರಿ ಬೇಡ. ಮನೆಯ ರೂಟರ್ ಹೊರಗಿನಿಂದ ತಾನಾಗಿ ಬರುವ ಸಂಪರ್ಕವನ್ನು ಬಹುಮಟ್ಟಿಗೆ ತಡೆಯುತ್ತದೆ. ಹಂಚಿಕೊಂಡ ವೈಫೈಯಲ್ಲಾದರೆ ಅದೇ ಜಾಲದೊಳಗಿರುವ ಪಕ್ಕದ ಕೋಣೆಯವರ ಮಷೀನೇ ನಿಮ್ಮದನ್ನು ತಟ್ಟಬಹುದು.

## ಹಂತ 1: ಆಫ್ ಆಗಿರುವುದು ಯಾವ ಫೈರ್‌ವಾಲ್?

ಇದನ್ನು ನೋಡದೆಯೇ ಕೈ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸ್ಟಾರ್ಟ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ಎಡಗಡೆ ಕೆಳಗಿನ ಸೆಟ್ಟಿಂಗ್ಸ್‌ನಲ್ಲಿ "ಮ್ಯಾನೇಜ್ ಪ್ರೊವೈಡರ್ಸ್" ಇದೆ. ಆಂಟಿವೈರಸ್ ಯಾರದ್ದು, ಫೈರ್‌ವಾಲ್ ಯಾರದ್ದು, ಯಾವುದು ಆನ್, ಯಾವುದು ಆಫ್ ಎಂಬುದು ಅಲ್ಲಿ ಒಂದೇ ಕಡೆ ಕಾಣುತ್ತದೆ.

ಅಲ್ಲಿ ನಿಮ್ಮ ಸೆಕ್ಯುರಿಟಿ ಸಾಫ್ಟ್‌ವೇರಿನ ಫೈರ್‌ವಾಲ್ ಆನ್, ವಿಂಡೋಸ್‌ನದ್ದು ಆಫ್ ಎಂದಿದ್ದರೆ ಏನೂ ಕೆಟ್ಟಿಲ್ಲ. ಕೆಲಸವನ್ನು ಒಬ್ಬರು ವಹಿಸಿಕೊಂಡಾಗ ಇನ್ನೊಬ್ಬರು ಪಕ್ಕಕ್ಕೆ ಸರಿದಿದ್ದಾರೆ, ಅಷ್ಟೇ. ಈ ಸ್ಥಿತಿಯಲ್ಲಿ ವಿಂಡೋಸ್‌ನದ್ದನ್ನು ಹಟ ಹಿಡಿದು ಆನ್ ಮಾಡಲು ಹೋಗಿ ಎರಡನ್ನೂ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಫೈರ್‌ವಾಲ್ ಪಟ್ಟಿಯಲ್ಲಿ ನಿಮ್ಮ ಸಾಫ್ಟ್‌ವೇರಿನ ಹೆಸರೇ ಇಲ್ಲದಿದ್ದರೆ ಕೊಂಡ ಆವೃತ್ತಿಯನ್ನು ನೋಡಿ. ಬರೀ "ಆಂಟಿವೈರಸ್" ಎಂದು ಮಾರುವ ಅಗ್ಗದ ಆವೃತ್ತಿಗಳಲ್ಲಿ ಎಷ್ಟೋ ಸಲ ಫೈರ್‌ವಾಲ್ ಇರುವುದೇ ಇಲ್ಲ, "ಇಂಟರ್ನೆಟ್ ಸೆಕ್ಯುರಿಟಿ" ಅಥವಾ "ಟೋಟಲ್ ಸೆಕ್ಯುರಿಟಿ" ಕೊಂಡರೆ ಮಾತ್ರ ಸಿಗುತ್ತದೆ. ಹಾಗಿದ್ದಲ್ಲಿ ನಿಮಗೆ ಬೇಕಿರುವುದು ವಿಂಡೋಸ್‌ನ ಫೈರ್‌ವಾಲ್.

ಎರಡೂ ಆಫ್ ಎಂದಿದ್ದರೆ ಮುಂದಿನ ಹಂತಕ್ಕೆ ಹೋಗಿ. ಎರರ್ ಸಂದೇಶ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಾಲ್ಕನೇ ಹಂತದಲ್ಲಿ ಆ ಸಂಖ್ಯೆ ಬೇಕಾಗುತ್ತದೆ.

## ಹಂತ 2: ತಾರೀಕು, ಲೈಸೆನ್ಸ್, ರೀಸ್ಟಾರ್ಟ್

ಹತ್ತು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

ಟಾಸ್ಕ್‌ಬಾರಿನ ಮೂಲೆಯ ತಾರೀಕನ್ನು, ಅದರಲ್ಲೂ ವರ್ಷವನ್ನು ನೋಡಿ. ನಮ್ಮ ಭಾವನವರ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ದಿನಾ ಬೆಳಿಗ್ಗೆ ಫೈರ್‌ವಾಲ್ ಕೆಂಪು, ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಹಸಿರು. "ವೈರಸ್ಸೇ ಇರಬೇಕು ಕಣಯ್ಯಾ" ಎಂದು ಅವರು ಎರಡು ಸಲ ಫಾರ್ಮ್ಯಾಟ್ ಕೂಡ ಮಾಡಿಸಿದ್ದರು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆರಿಸುತ್ತಿದ್ದರು, ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ಬೆಳಿಗ್ಗೆ ಗಡಿಯಾರ ಹಲವು ವರ್ಷ ಹಿಂದೆ ಹೋಗಿರುತ್ತಿತ್ತು, ಲೈಸೆನ್ಸ್ ಇನ್ನೂ ಶುರುವೇ ಆಗಿಲ್ಲ ಎಂದು ಸಾಫ್ಟ್‌ವೇರ್ ತಿಳಿಯುತ್ತಿತ್ತು. ಇಂಟರ್ನೆಟ್‌ನಿಂದ ಸಮಯ ಸರಿಯಾದ ಮೇಲೆ ಹಸಿರು. ಸಿಆರ್ 2032 ಎಂಬ ಸೆಲ್ ಬದಲಿಸಿದ ಮೇಲೆ ಆ ಕಥೆ ಮುಗಿಯಿತು. ನಿಮ್ಮಲ್ಲೂ ಇದೇ ಇದ್ದರೆ ಒಂದು ಗುರುತು ಸಿಗುತ್ತದೆ: ಬ್ರೌಸರಿನಲ್ಲಿ ಬ್ಯಾಂಕಿನಿಂದ ಹಿಡಿದು ಗೂಗಲ್‌ವರೆಗೆ ಎಲ್ಲ ಸೈಟೂ ಒಟ್ಟಿಗೆ "ಸುರಕ್ಷಿತವಲ್ಲ" ಎಂದು ಎಚ್ಚರಿಸುತ್ತಿರುತ್ತವೆ.

ಆಮೇಲೆ ಲೈಸೆನ್ಸ್. ಅವಧಿ ಮುಗಿದರೂ ಆಂಟಿವೈರಸ್ ಐಕಾನ್ ಮೂಲೆಯಲ್ಲಿ ಕೂತೇ ಇರುತ್ತದೆ, ಒಳಗಿನ ಭಾಗಗಳು ಒಂದೊಂದಾಗಿ ನಿಂತಿರುತ್ತವೆ.

ಕೊನೆಗೆ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ರೀಸ್ಟಾರ್ಟ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಇರುವ ಮಷೀನಿನಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು ಮರುದಿನ ಎದ್ದು ಬರುತ್ತದೆ. ಸಿಕ್ಕಿಹಾಕಿಕೊಂಡ ಡ್ರೈವರೂ (ವಿಂಡೋಸ್‌ನ ಒಳತಿರುಳಿನಲ್ಲಿ ಕೂತು ಕೆಲಸ ಮಾಡುವ ಪುಟ್ಟ ಪ್ರೋಗ್ರಾಮ್) ಅದರ ಜೊತೆಗೇ ಬರುತ್ತದೆ. ಮೆನುವಿನಲ್ಲಿ ರೀಸ್ಟಾರ್ಟ್ ಎಂಬುದನ್ನೇ ಒತ್ತಿ. ಅಪ್‌ಡೇಟ್ ಬಾಕಿ ಇದ್ದರೆ ಅದೂ ಮುಗಿಯಲಿ.

## ಹಂತ 3: ಒಂದೇ ಮನೆಗೆ ಇಬ್ಬರು ಕಾವಲುಗಾರರೇ?

ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ಲ್ಯಾಪ್‌ಟಾಪ್ ಕೊಂಡಾಗಲೇ ಬಂದ ಟ್ರಯಲ್ ಆಂಟಿವೈರಸ್, ಯಾವುದೋ ಸಾಫ್ಟ್‌ವೇರಿನ ಜೊತೆ ಬಾಲದಂತೆ ಬಂದ ಇನ್ನೊಂದು, ಹಳೆಯ ಆಫೀಸಿನ ವಿಪಿಎನ್: ಇವುಗಳಲ್ಲಿ ಯಾವುದಾದರೂ ತನ್ನದೇ ಫೈರ್‌ವಾಲ್ ಹೊತ್ತು ತಂದಿರಬಹುದು. ಇಬ್ಬರು ಕಾವಲುಗಾರರು ಒಂದೇ ಬಾಗಿಲಿಗೆ ಜಗಳವಾಡಿದರೆ ಇಬ್ಬರೂ ಹೊರಗೆ.

ಒಂದನ್ನು ಮಾತ್ರ ಇಟ್ಟುಕೊಳ್ಳಿ. ತೆಗೆಯುವ ಕ್ರಮ ಹೀಗೆ:

1. ಇಂಟರ್ನೆಟ್ ಕಡಿತ ಮಾಡುವ ಮುಂಚೆ ಆಯಾ ಕಂಪನಿಯ ಸ್ವಂತ ಸೈಟಿನಿಂದ ರಿಮೂವಲ್ ಟೂಲ್ ಇಳಿಸಿಕೊಳ್ಳಿ. ಮ್ಯಾಕಫೀ, ನಾರ್ಟನ್, ಅವಾಸ್ಟ್, ಈಸೆಟ್, ಕ್ಯಾಸ್ಪರ್‌ಸ್ಕಿ, ಎಲ್ಲರದ್ದೂ ಇದೆ.
2. ವೈಫೈ ಆರಿಸಿ. ಆಪ್ಸ್ ಪಟ್ಟಿಯಿಂದ ಮಾಮೂಲಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ. ಸೆಟ್ಟಿಂಗ್ಸ್ ಉಳಿಸಿಕೊಳ್ಳಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಕೆಟ್ಟಿರುವುದು ಆ ಸೆಟ್ಟಿಂಗೇ ಆಗಿರಬಹುದು.
3. ರೀಸ್ಟಾರ್ಟ್.
4. ಈಗ ರಿಮೂವಲ್ ಟೂಲ್ ಓಡಿಸಿ. ಈಸೆಟ್‌ನದ್ದನ್ನು ಸೇಫ್ ಮೋಡ್‌ನಲ್ಲಿ ಓಡಿಸಬೇಕು. ಮುಗಿದ ಮೇಲೆ ಮತ್ತೆ ರೀಸ್ಟಾರ್ಟ್.

ಮೂರನೆಯದನ್ನು ಹಾರಿಸಿ ನೇರ ನಾಲ್ಕಕ್ಕೆ ಹೋಗುವವರೇ ಹೆಚ್ಚು. ಓಡುತ್ತಿರುವ ಡ್ರೈವರ್ ಫೈಲನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲ, ಮುಂದಿನ ಸಲ ಏಳುವಾಗ ಅಳಿಸಲು ಗುರುತು ಹಾಕಿಕೊಳ್ಳುತ್ತದೆ. ಆ ಅವಕಾಶ ಕೊಡದಿದ್ದರೆ ಅರ್ಧ ಸತ್ತ ಡ್ರೈವರ್ ಉಳಿದುಬಿಡುತ್ತದೆ.

ಅಂಥ ಅವಶೇಷ ಉಳಿದಿದೆಯೇ ಎಂದು ನೋಡಲು ವಿಂಡೋಸ್ ಕೀ ಹಿಡಿದು ಆರ್ ಒತ್ತಿ, "ಎನ್‌ಸಿಪಿಎ ಡಾಟ್ ಸಿಪಿಎಲ್" ಎಂದು ಕೊಡಿ. ವೈಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಚೆಕ್ ಗುರುತಿರುವ ಆ ಪಟ್ಟಿಯಲ್ಲಿ ತೆಗೆದುಹಾಕಿದ ಕಂಪನಿಯ ಹೆಸರು ಇನ್ನೂ ಇದ್ದರೆ ಅದನ್ನು ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿ. ಮೈಕ್ರೋಸಾಫ್ಟ್ ಎಂದೋ ಇಂಟರ್ನೆಟ್ ಪ್ರೊಟೊಕಾಲ್ ಎಂದೋ ಇರುವುದನ್ನು ಮುಟ್ಟಬೇಡಿ.

ಈಗ ನಿಮ್ಮ ಮುಖ್ಯ ಸೆಕ್ಯುರಿಟಿ ಸಾಫ್ಟ್‌ವೇರನ್ನೂ ಇದೇ ಕ್ರಮದಲ್ಲಿ ತೆಗೆಯಿರಿ. ಭಯ ಬೇಡ, ಮತ್ತೆ ಹಾಕುತ್ತೇವೆ. ಎಲ್ಲವೂ ಹೋದ ಮೇಲೆ ವಿಂಡೋಸ್‌ನ ಸ್ವಂತ ಫೈರ್‌ವಾಲ್ ತಾನಾಗಿಯೇ ಎದ್ದು ನಿಲ್ಲಬೇಕು. ಇಡೀ ತಪಾಸಣೆಯ ತಿರುವು ಇದೇ. ಅದು ಎದ್ದರೆ ತಳ ಗಟ್ಟಿಯಾಗಿದೆ, ನೇರ ಏಳನೇ ಹಂತಕ್ಕೆ ಹೋಗಿ. ಏಳದಿದ್ದರೆ ನಿಮ್ಮ ಸೆಕ್ಯುರಿಟಿ ಕಂಪನಿಯನ್ನು ಬೈಯುವುದು ನಿಲ್ಲಿಸಿ. ಸಮಸ್ಯೆ ವಿಂಡೋಸ್‌ನ ಒಳಗಿದೆ.

## ಹಂತ 4: ತಳದ ಸರ್ವಿಸ್‌ಗಳು

ವಿಂಡೋಸ್ ಕೀ ಮತ್ತು ಆರ್ ಒತ್ತಿ "ಸರ್ವಿಸಸ್ ಡಾಟ್ ಎಂಎಸ್‌ಸಿ" ಕೊಡಿ. ಮೂರು ಹೆಸರು ಹುಡುಕಿ: ರಿಮೋಟ್ ಪ್ರೊಸೀಜರ್ ಕಾಲ್, ಬೇಸ್ ಫಿಲ್ಟರಿಂಗ್ ಎಂಜಿನ್, ವಿಂಡೋಸ್ ಡಿಫೆಂಡರ್ ಫೈರ್‌ವಾಲ್. ಮೂರರ ಮುಂದೆಯೂ "ರನ್ನಿಂಗ್", "ಆಟೋಮ್ಯಾಟಿಕ್" ಎಂದಿರಬೇಕು. ಇವು ಒಂದರ ಹೆಗಲ ಮೇಲೆ ಇನ್ನೊಂದು ನಿಂತಿವೆ: ಕೆಳಗಿನದು ಬಿದ್ದರೆ ಮೇಲಿನದು ಏಳುವುದಿಲ್ಲ. ಆದ್ದರಿಂದ ಫೈರ್‌ವಾಲ್ ಸಾಲು ಖಾಲಿ ಇದೆಯೆಂದು ಅದನ್ನೇ ಕುಟ್ಟುತ್ತಾ ಕೂರಬೇಡಿ, ಬೇಸ್ ಫಿಲ್ಟರಿಂಗ್ ಎಂಜಿನ್ ಸಾಲನ್ನು ಮೊದಲು ನೋಡಿ.

ಸ್ಟಾರ್ಟ್, ಸ್ಟಾಪ್ ಗುಂಡಿಗಳು ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬಾರದಿದ್ದರೆ ಗಾಬರಿಯಾಗಬೇಡಿ. ಈಗಿನ ವಿಂಡೋಸ್‌ನಲ್ಲಿ ಈ ಸರ್ವಿಸ್‌ಗಳಿಗೆ ಅದು ಸಹಜ.

ಫೋಟೋ ತೆಗೆದಿಟ್ಟ ಎರರ್ ಸಂಖ್ಯೆಯನ್ನು ಈಗ ಓದೋಣ.

80070422 ಎಂದರೆ ಸರ್ವಿಸ್ ಇದೆ, ಯಾರೋ ಡಿಸೇಬಲ್ ಮಾಡಿದ್ದಾರೆ. ಆ ಯಾರೋ ಹೆಚ್ಚಾಗಿ "ಕಂಪ್ಯೂಟರ್ ಸ್ಪೀಡ್ ಮಾಡುವ" ಟೂಲ್, ಇಲ್ಲವೇ ನೀವೇ ಎಂದೋ ಗೇಮ್‌ಗಾಗಿ ಓಡಿಸಿದ ಸ್ಕ್ರಿಪ್ಟ್. ರಿಪೇರಿ ಸುಲಭ. "ರೆಜ್‌ಎಡಿಟ್" (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ತಿದ್ದುವ ಪ್ರೋಗ್ರಾಮ್) ತೆರೆದು ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್ ಹಾದಿಯಲ್ಲಿ "ಬಿಎಫ್‌ಇ" (ಬೇಸ್ ಫಿಲ್ಟರಿಂಗ್ ಎಂಜಿನ್) ಫೋಲ್ಡರಿಗೆ ಹೋಗಿ. ಮುಟ್ಟುವ ಮುಂಚೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬಲಗಡೆ "ಸ್ಟಾರ್ಟ್" ಎಂಬುದರ ಬೆಲೆ 4 ಇದ್ದರೆ ಡಿಸೇಬಲ್ ಎಂದರ್ಥ, 2 ಮಾಡಿ. ಫೈರ್‌ವಾಲ್ ಸರ್ವಿಸ್ಸಿನ ಫೋಲ್ಡರ್ "ಎಂಪಿಎಸ್ ಎಸ್‌ವಿಸಿ" ಎಂಬುದರಲ್ಲೂ 2. ಅದರ ಡ್ರೈವರಿನ ಫೋಲ್ಡರ್ "ಎಂಪಿಎಸ್ ಡಿಆರ್‌ವಿ" ಎಂಬುದರಲ್ಲಿ ಮಾತ್ರ 3 ಇರುವುದು ಸರಿ, ಅದನ್ನು 2 ಮಾಡಲು ಹೋಗಬೇಡಿ. ರೀಸ್ಟಾರ್ಟ್.

8007042 ಮುಂದೆ ಸಿ, ಅಥವಾ 1068: ಆಧಾರದ ಸರ್ವಿಸ್ ಏಳಲಿಲ್ಲ. ಬೇಸ್ ಫಿಲ್ಟರಿಂಗ್ ಎಂಜಿನ್ ನೋಡಿ ಎಂದು ವಿಂಡೋಸೇ ಕೈ ತೋರಿಸುತ್ತಿದೆ.

80070424: ಆ ಹೆಸರಿನ ಸರ್ವಿಸ್ಸೇ ಇಲ್ಲ. ಪಟ್ಟಿಯಲ್ಲೂ ಕಾಣುವುದಿಲ್ಲ. ಇದು ಅಪಾಯದ ಗಂಟೆ, ಐದನೇ ಹಂತವನ್ನು ಬಿಡಲೇಬೇಡಿ.

ಎರರ್ 5: ಅನುಮತಿ ಇಲ್ಲ. ಇದಕ್ಕೆ ಇಂಟರ್ನೆಟ್‌ನಲ್ಲಿ ಒಂದು ಮದ್ದು ಓಡಾಡುತ್ತಿದೆ: ಬಿಎಫ್‌ಇ ಕೀಗೆ "ಎವೆರಿವನ್, ಫುಲ್ ಕಂಟ್ರೋಲ್" ಕೊಟ್ಟುಬಿಡಿ ಎಂದು. ಹಾಗೆ ಮಾಡಿದರೆ ಫೈರ್‌ವಾಲ್ ಏಳಲೂಬಹುದು, ನಾಳೆ ಯಾವ ಪುಡಾರಿ ಪ್ರೋಗ್ರಾಮ್ ಬೇಕಾದರೂ ಅದನ್ನು ಬೀಳಿಸಲೂಬಹುದು. ಮನೆಯ ಬೀಗ ಕೆಟ್ಟಿತೆಂದು ಬೀದಿಗೆಲ್ಲ ಕೀಲಿ ಹಂಚಿದ ಹಾಗೆ. ಆರನೇ ಹಂತದಲ್ಲಿ ಇದಕ್ಕೆ ನೆಟ್ಟಗಿನ ದಾರಿಯಿದೆ.

6 ಡಿ 9: ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿ ತೆರೆಯಲು ಹೋದಾಗ ಬರುತ್ತದೆ. ಫೈರ್‌ವಾಲ್ ಸರ್ವಿಸ್ ಓಡುತ್ತಿಲ್ಲ ಎಂಬುದಷ್ಟೇ ಇದರ ಅರ್ಥ, ಹೊಸ ಸಮಸ್ಯೆಯಲ್ಲ.

ಸಂಖ್ಯೆಯ ಬದಲು "ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲು ಬಂದರೆ, ಲ್ಯಾಪ್‌ಟಾಪ್ ಆಫೀಸಿನದ್ದೇ ಎಂದು ಕೇಳಿಕೊಳ್ಳಿ. ಆಫೀಸಿನದ್ದಾದರೆ ಇಲ್ಲಿಗೇ ನಿಲ್ಲಿಸಿ ಅಲ್ಲಿನ ಐಟಿಯವರಿಗೆ ಹೇಳಿ. ಸ್ವಂತದ್ದಾದರೆ ಯಾವುದೋ ಪ್ರೋಗ್ರಾಮ್ ಪಾಲಿಸಿ (ನಿಮ್ಮ ಆಯ್ಕೆಯನ್ನು ಮೀರುವ ಕಡ್ಡಾಯ ಸೆಟ್ಟಿಂಗ್) ಕೂರಿಸಿ ಹೋಗಿದೆ. ರೆಜ್‌ಎಡಿಟ್‌ನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್ ಒಳಗೆ "ವಿಂಡೋಸ್ ಫೈರ್‌ವಾಲ್" ಎಂಬ ಫೋಲ್ಡರ್ ಇದ್ದರೆ, ಅದನ್ನು ಎಕ್ಸ್‌ಪೋರ್ಟ್ ಮಾಡಿಟ್ಟು ಅಳಿಸಿ, ರೀಸ್ಟಾರ್ಟ್ ಮಾಡಿ. ಪಾಲಿಸಿ ಹಾದಿಯಲ್ಲಿರುವುದನ್ನು ಮಾತ್ರ. ಸರ್ವಿಸಸ್ ಹಾದಿಯಲ್ಲಿ ಯಾವುದನ್ನೂ ಅಳಿಸಬೇಡಿ.

## ಹಂತ 5: ರಿಪೇರಿಗೆ ಮುಂಚೆ ವೈರಸ್ ತಪಾಸಣೆ

ಸರ್ವಿಸ್ ಮಾಯವಾಗಿದ್ದರೆ, ಅಥವಾ ಇಂದು 2 ಮಾಡಿದ್ದು ನಾಳೆ ಮತ್ತೆ 4 ಆಗಿದ್ದರೆ, ಅದನ್ನು ಯಾರೋ ಮಾಡುತ್ತಿದ್ದಾರೆ. 2011-12ರ ಸುಮಾರಿಗೆ ಹರಡಿದ್ದ ಜೀರೋಆಕ್ಸೆಸ್ ಎಂಬ ದುಷ್ಟ ಪ್ರೋಗ್ರಾಮ್ ಇದನ್ನೇ ಮಾಡುತ್ತಿತ್ತು: ಒಳಗೆ ಬಂದು ಫೈರ್‌ವಾಲ್ ಮತ್ತು ಬೇಸ್ ಫಿಲ್ಟರಿಂಗ್ ಎಂಜಿನ್ ಸರ್ವಿಸ್‌ಗಳನ್ನು ಕಿತ್ತುಹಾಕುತ್ತಿತ್ತು. ಕಳ್ಳ ಒಳಗಿರುವಾಗಲೇ ಬೀಗ ರಿಪೇರಿ ಮಾಡಿಸಿದರೆ ಆತ ಮತ್ತೆ ಮುರಿಯುತ್ತಾನೆ. ತಪಾಸಣೆ ರಿಪೇರಿಗಿಂತ ಮೊದಲು ಬರುವುದು ಅದಕ್ಕೇ.

ಮೂರನೇ ಹಂತದಲ್ಲಿ ಬೇರೆ ಆಂಟಿವೈರಸ್ ತೆಗೆದಿರುವುದರಿಂದ ಈಗ ಮೈಕ್ರೋಸಾಫ್ಟ್ ಡಿಫೆಂಡರ್ ಓಡುತ್ತಿರಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಮಷೀನ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕುತ್ತದೆ. ತೆರೆದಿಟ್ಟ ಫೈಲ್‌ಗಳನ್ನು ಸೇವ್ ಮಾಡಿಕೊಳ್ಳಿ, ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ.

ಡಿಫೆಂಡರೂ ಏಳದಿದ್ದರೆ ಇನ್ನೊಂದು ಕಂಪ್ಯೂಟರಿನಿಂದ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿ ತನ್ನಿ. ಅದು ಇಳಿಸಿದ 10 ದಿನಕ್ಕೆ ಹಳಸುತ್ತದೆ, ಹೋದ ವರ್ಷದ್ದು ಉಪಯೋಗವಿಲ್ಲ. ಏನಾದರೂ ಸಿಕ್ಕರೆ ಬ್ಯಾಂಕು ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಮೊಬೈಲಿನಿಂದಲೇ ಬದಲಿಸಿ, ಈ ಮಷೀನಿನಿಂದಲ್ಲ.

## ಹಂತ 6: ವಿಂಡೋಸ್‌ನ ಫೈಲ್ ರಿಪೇರಿ

ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ತೆರೆಯಿರಿ. ವಿಂಡೋಸ್ 10ರಲ್ಲಿ ಪವರ್‌ಶೆಲ್ ಅಡ್ಮಿನ್ ಎಂದಿರಬಹುದು. ಇಂಟರ್ನೆಟ್ ಬೇಕು.

ಮೊದಲನೆಯದು: ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಷ್ ಆನ್‌ಲೈನ್, ಸ್ಪೇಸ್, ಸ್ಲ್ಯಾಷ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಷ್ ರಿಸ್ಟೋರ್‌ಹೆಲ್ತ್. ಕೊನೆಯದು ಒಂದೇ ಪದ, ನಡುವೆ ಜಾಗ ಇಲ್ಲ. ಶೇಕಡಾವಾರು ಒಂದೇ ಕಡೆ ನಿಂತಂತೆ ಕಂಡರೂ ಕಿಟಕಿ ಮುಚ್ಚಬೇಡಿ, ಕಾಫಿ ಕುಡಿದು ಬನ್ನಿ.

ಎರಡನೆಯದು: ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಷ್ ಸ್ಕ್ಯಾನ್‌ನೌ. ಇದೂ ಒಂದೇ ಪದ.

ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಎಸ್‌ಎಫ್‌ಸಿ ಹಾಳಾದ ಫೈಲಿಗೆ ಬದಲಿಯನ್ನು ವಿಂಡೋಸ್‌ನ ಒಳ ಉಗ್ರಾಣದಿಂದ ತರುತ್ತದೆ. ಆ ಉಗ್ರಾಣವನ್ನು ಸರಿಮಾಡುವುದು ಡಿಐಎಸ್‌ಎಂ. ಉಗ್ರಾಣದ ಅಕ್ಕಿಯೇ ಹುಳ ಹಿಡಿದಿದ್ದರೆ ಅನ್ನ ಎಷ್ಟು ಸಲ ಮಾಡಿದರೂ ಅಷ್ಟೇ.

ರೀಸ್ಟಾರ್ಟ್ ಮಾಡಿ ಮೂರು ಸರ್ವಿಸ್‌ಗಳನ್ನು ಮತ್ತೆ ನೋಡಿ. ಓಡುತ್ತಿದ್ದರೂ ಫೈರ್‌ವಾಲ್ ಆಫ್ ತೋರಿಸಿದರೆ, ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ಪುಟದಲ್ಲಿ "ರಿಸ್ಟೋರ್ ಡಿಫಾಲ್ಟ್ಸ್" ಒತ್ತಿ. ನೀವು ಸೇರಿಸಿದ್ದ ನಿಯಮಗಳೆಲ್ಲ ಅಳಿಯುತ್ತವೆ. ಟ್ಯಾಲಿಯನ್ನು ನಾಲ್ಕು ಕಂಪ್ಯೂಟರಿನಲ್ಲಿ ಹಂಚಿಕೊಂಡಿರುವ ಕಚೇರಿಯಾದರೆ ಆ ಅನುಮತಿಯನ್ನು ಮತ್ತೆ ಕೊಡಬೇಕಾಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಸರ್ವಿಸ್ ಮಾಯವೇ, ಅಥವಾ ಎರರ್ 5 ಹಾಗೇ ಇದೆಯೇ? ಫಾರ್ಮ್ಯಾಟ್ ಬೇಡ. ವಿಂಡೋಸ್ ಮೇಲೆಯೇ ವಿಂಡೋಸ್ ಹಾಕುವ ರಿಪೇರಿ ಇನ್‌ಸ್ಟಾಲ್ ಮಾಡಿ: ಮೈಕ್ರೋಸಾಫ್ಟ್ ಸೈಟಿನಿಂದ ನಿಮ್ಮ ಆವೃತ್ತಿಯ, ನಿಮ್ಮ ಭಾಷೆಯ ಐಎಸ್‌ಒ (ವಿಂಡೋಸ್ ಸೆಟಪ್ ಪೂರ್ತಿ ಇರುವ ಫೈಲ್) ಇಳಿಸಿ, ಓಡುತ್ತಿರುವ ವಿಂಡೋಸ್ ಒಳಗಿಂದಲೇ ಅದರ ಸೆಟಪ್ ಓಡಿಸಿ, "ಕೀಪ್ ಪರ್ಸನಲ್ ಫೈಲ್ಸ್ ಆಂಡ್ ಆಪ್ಸ್" ಆರಿಸಿ. ಆ ಆಯ್ಕೆ ಬೂದಾಗಿದ್ದರೆ ಭಾಷೆಯೋ ಆವೃತ್ತಿಯೋ ತಪ್ಪಿದೆ, ಮುಂದುವರಿಯಬೇಡಿ. ಫೈಲ್‌ಗಳಿಗೆ ಒಂದು ಬ್ಯಾಕಪ್ ಇದ್ದೇ ಇರಲಿ. ಕರೆಂಟು ಕೈಕೊಡುವ ಊರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

## ಹಂತ 7: ಈಗ ಸೆಕ್ಯುರಿಟಿ ಸಾಫ್ಟ್‌ವೇರ್ ಹಾಕಿ

ಪೆನ್‌ಡ್ರೈವ್‌ನಲ್ಲಿರುವ ಹಳೆಯ ಸೆಟಪ್ ಬೇಡ, ಡಬ್ಬದ ಸಿಡಿಯೂ ಬೇಡ. ಕಂಪನಿಯ ಸೈಟಿನಿಂದ ಇಂದಿನ ಆವೃತ್ತಿ ಇಳಿಸಿ. ವಿಂಡೋಸ್ 11ರಲ್ಲಿ ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಹೊಂದದ ಹಳೆಯ ಡ್ರೈವರ್‌ಗಳನ್ನು ಅದು ಲೋಡ್ ಆಗಲು ಬಿಡುವುದಿಲ್ಲ, ಫೈರ್‌ವಾಲ್ ಸದ್ದಿಲ್ಲದೆ ಸತ್ತಿರುತ್ತದೆ. ಮೆಮೊರಿ ಇಂಟೆಗ್ರಿಟಿಯನ್ನೇ ಆಫ್ ಮಾಡಿ ಎನ್ನುವ ವಿಡಿಯೊ ಸಲಹೆ ಕೇಳಬೇಡಿ. ಹೊಸ ಆವೃತ್ತಿ ಹಾಕಿದರೆ ಸಾಕು.

ವಿಂಡೋಸ್ 7 ಇನ್ನೂ ಓಡಿಸುತ್ತಿದ್ದರೆ: 2020ರ ಜನವರಿ 14ಕ್ಕೇ ಅದರ ಬೆಂಬಲ ನಿಂತಿದೆ. ಶಾ-2 ಸಹಿಯನ್ನು ಗುರುತಿಸುವ 2019ರ ಅಪ್‌ಡೇಟ್ ಹಾಕಿರದಿದ್ದರೆ ಹೊಸ ಡ್ರೈವರ್‌ಗಳು ಅದರಲ್ಲಿ ಏಳುವುದೇ ಇಲ್ಲ. ಅಂಥ ಮಷೀನಿಗೆ ಲೈಸೆನ್ಸ್ ನವೀಕರಿಸುವ ದುಡ್ಡನ್ನು ಹೊಸ ಮಷೀನಿಗೆ ಎತ್ತಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಹಾಕಿದ ಮೇಲೆ ಅಪ್‌ಡೇಟ್ ಪೂರ್ತಿ ಮುಗಿಯಲಿ, ರೀಸ್ಟಾರ್ಟ್ ಮಾಡಿ, ಆಮೇಲೆ ಫೈರ್‌ವಾಲ್ ಆನ್ ಮಾಡಿ. ಅಪ್‌ಡೇಟ್ ನಡೆಯುತ್ತಿರುವಾಗಲೇ ಗುಂಡಿ ಒತ್ತಿ "ಮತ್ತೆ ಅದೇ ಕಥೆ" ಎಂದು ಕೈಚೆಲ್ಲಬೇಡಿ.

## ಹಂತ 8: ನಿಜವಾಗಿ ಆನ್ ಆಗಿದೆಯೇ?

ಹಸಿರು ಗುರುತನ್ನು ನೋಡಿ ಎದ್ದು ಹೋಗಬೇಡಿ. ಎರಡು ಸಲ ರೀಸ್ಟಾರ್ಟ್ ಮಾಡಿ, ಒಮ್ಮೆ ಲ್ಯಾಪ್‌ಟಾಪ್ ಮುಚ್ಚಿ ನಿದ್ದೆಗೆ ಕಳಿಸಿ ಎಬ್ಬಿಸಿ. ಪ್ರತಿ ಸಲವೂ ಮ್ಯಾನೇಜ್ ಪ್ರೊವೈಡರ್ಸ್ ಪುಟದಲ್ಲಿ ಒಂದೇ ಒಂದು ಫೈರ್‌ವಾಲ್ ಆನ್ ಎಂದಿರಬೇಕು. ವಿಂಡೋಸ್‌ನದ್ದೇ ಬಳಸುವವರಾದರೆ ಡೊಮೇನ್ (ಆಫೀಸಿನ ಜಾಲ), ಪ್ರೈವೇಟ್ (ಮನೆಯದು), ಪಬ್ಲಿಕ್ (ಸಾರ್ವಜನಿಕ) ಮೂರಕ್ಕೂ ಆನ್ ಇರಬೇಕು. ಮನೆಯಲ್ಲಿ ಪ್ರೈವೇಟ್ ಒಂದನ್ನೇ ನೋಡಿ ಸಮಾಧಾನಪಟ್ಟವರ ಮಷೀನು ರೈಲ್ವೆ ಸ್ಟೇಷನ್ನಿನ ವೈಫೈಯಲ್ಲಿ ಬಾಗಿಲು ತೆರೆದು ಕೂತಿರುತ್ತದೆ.

ಒಂದು ವಾರದೊಳಗೆ ಮತ್ತೆ ಕೆಂಪಾದರೆ ಮೊದಲಿನಿಂದ ಶುರು ಮಾಡಬೇಡಿ. ಆ ದಿನ ಏನು ಬದಲಾಯಿತು ಎಂದು ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಹಿಸ್ಟರಿ ನೋಡಿ, ಆಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ತಾರೀಕಿನ ಪ್ರಕಾರ ಜೋಡಿಸಿ ನೋಡಿ. ಹೊಸದಾಗಿ ಏನೂ ಬಂದಿಲ್ಲ, ಸರ್ವಿಸ್ ಮಾತ್ರ ಮತ್ತೆ ಮಾಯ ಎಂದಾದರೆ ವೈಫೈ ಆರಿಸಿ, ಫೈಲ್‌ಗಳನ್ನು ಹೊರಗೆ ನಕಲು ಮಾಡಿಕೊಂಡು, ಈ ಸಲ ನಿಜಕ್ಕೂ ಫಾರ್ಮ್ಯಾಟ್ ಮಾಡಿಸಿ.